ಬಿಷಪ್ಪರು ಅನ್ನವೋ ಉಪ್ಪಿನಕಾಯಿಯೋ

ಕ್ರೈಸ್ತ ದೈವಶಾಸ್ತ್ರದ ವಿದ್ವತ್ ಪತ್ರಿಕೆಗಳನ್ನು ಓದಿ ಪಳಗಿದವರು ಮೊದಲ ಪುಟದಿಂದ ಆರಂಭಿಸುವುದಿಲ್ಲ. ನೇರವಾಗಿ ಕೊನೆಯಲ್ಲಿರುವ ಪುಸ್ತಕ ವಿಮರ್ಶೆಗೆ ಹೋಗಿ, ಅಲ್ಲಿಂದ ಅಡಿಟಿಪ್ಪಣಿಗಳಿಗೆ ಇಳಿದು, ಪುರುಸೊತ್ತು ಉಳಿದರೆ ಲೇಖನದ ಮೇಲೂ ಕಣ್ಣಾಡಿಸುತ್ತಾರೆ. ಇದನ್ನು ಸೋಮಾರಿತನವೆನ್ನಲಾಗದು. ಪುಟದ ಮೇಲ್ಭಾಗದಲ್ಲಿ ಎದುರಾಳಿಯ ಪಾಂಡಿತ್ಯಕ್ಕೆ ಕೈಮುಗಿದ ವಿದ್ವಾಂಸರು, ಅದೇ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಆತ ಗ್ರೀಕ್ ಮೂಲವನ್ನು ತೆರೆದೇ ನೋಡಿಲ್ಲವೆಂದು ಲೆಕ್ಕ ಚುಕ್ತಾ ಮಾಡಿರುತ್ತಾರೆ. ಎಲ್ಲರಿಗೂ ಇಷ್ಟು ಸೌಜನ್ಯ ಒಗ್ಗುವುದಿಲ್ಲ. ಮನುಷ್ಯನು ಸೃಷ್ಟಿಯನ್ನು ನೋಡಿ ದೇವರನ್ನು ಸ್ವಲ್ಪವಾದರೂ ಅರಿಯಬಲ್ಲನೇ ಎಂಬ ವಿಷಯದಲ್ಲಿ ದೈವಶಾಸ್ತ್ರಜ್ಞ ಎಮಿಲ್ ಬ್ರುನ್ನರ್ ಎತ್ತಿದ ವಾದಕ್ಕೆ ಇನ್ನೊಬ್ಬ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ 1934ರಲ್ಲಿ ಕೊಟ್ಟ ಉತ್ತರದ ಶೀರ್ಷಿಕೆ ಶುರುವಾಗುವುದೇ 'ಇಲ್ಲ!' ಎಂದು, ಉದ್ಗಾರ ಚಿಹ್ನೆಯೂ ಅವರದೇ.

ದಕ್ಷಿಣ ಭಾರತದ ಓದುಗರಿಗೆ ಮಾತ್ರ ಇದಕ್ಕಿಂತ ಸ್ವಾರಸ್ಯದ ಜಗಳವೊಂದು ಮನೆಯಂಗಳದಲ್ಲೇ ದೊರೆಯುತ್ತದೆ. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಕೆಲವು ಪಾದ್ರಿಗಳು, ಆಂಗ್ಲಿಕನ್ನರಂತೆ ಬಿಷಪ್ಪರುಳ್ಳ ಸಭೆಗಳೂ ಅವರಿಲ್ಲದೆ ಸುಖವಾಗಿದ್ದ ಸಭೆಗಳೂ ಒಂದಾಗಬೇಕೆಂದು ಕರೆ ಕೊಟ್ಟರು. ಒಂದಾಗುವುದಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು. ತೊಡಕಿದ್ದುದು ಮುಖ್ಯವಾಗಿ ಒಂದೇ ಕಡೆ. ಅಪೊಸ್ತಲರಿಂದ, ಅಂದರೆ ಯೇಸುವಿನ ಮೊದಲ ಪ್ರತಿನಿಧಿಗಳಿಂದ, ಕೈಯಿಂದ ಕೈಗೆ ಇಳಿದುಬಂದುದೆಂದು ನಂಬಲಾದ ಬಿಷಪ್ ಪದವಿಯು ಊಟದೆಲೆಯ ಅನ್ನವೇ, ಅಂದರೆ ಅದಿಲ್ಲದೆ ಸಭೆಯೇ ಇಲ್ಲವೇ, ಅಥವಾ ಇದ್ದರೆ ರುಚಿ ಹೆಚ್ಚಿಸುವ ಉಪ್ಪಿನಕಾಯಿಯೇ? ಅನ್ನದ ಪಕ್ಷದವರಿಗೆ, ಬಿಷಪ್ಪರ ಹಸ್ತಾರ್ಪಣೆ, ಅಂದರೆ ತಲೆಯ ಮೇಲೆ ಕೈಯಿಟ್ಟು ಕೊಡುವ ದೀಕ್ಷೆ, ಇಲ್ಲದ ಪಾದ್ರಿಗಳನ್ನೂ ಹೊಸ ಸಭೆಯು ಇದ್ದಂತೆಯೇ ಸ್ವೀಕರಿಸಲು ಹೊರಟದ್ದು ಗಂಟಲಲ್ಲಿ ಇಳಿಯಲಿಲ್ಲ. ಕವಿ ಟಿ.ಎಸ್. ಎಲಿಯಟ್ ಕೂಡ 1943ರಲ್ಲಿ, ಮಹಾಯುದ್ಧದ ನಡುವೆ, ಈ ಐಕ್ಯವನ್ನು ವಿನಾಶವೆಂದು ಹಳಿದು ಒಂದು ಕಿರುಹೊತ್ತಗೆಯನ್ನೇ ಬರೆದರು. ಬಾಂಬು ಬಿದ್ದ ಲಂಡನ್ನಿನಲ್ಲಿ ಕುಳಿತು ಮದರಾಸಿನ ಪಾದ್ರಿಗಳ ದೀಕ್ಷೆಯ ಬಗ್ಗೆ ಕಳವಳಪಡುವ ಏಕಾಗ್ರತೆ ಎಲ್ಲರಿಗೂ ಒಲಿಯುವಂಥದಲ್ಲ.

1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ, ಈಗ ಸಿ.ಎಸ್.ಐ. ಎಂದೇ ಕರೆಯಲಾಗುವ ದಕ್ಷಿಣ ಭಾರತ ಸಭೆ ಉದಯಿಸಿತು. ಅದರ ಸಂವಿಧಾನದ ಜಾಣ್ಮೆ ಮೆಚ್ಚಬೇಕಾದದ್ದು: ಬಿಷಪ್ಪರನ್ನು ಒಪ್ಪಿಕೊಂಡ ಸಭೆಯು, ಆ ಪದವಿಯನ್ನು ಇಂಥ ಅರ್ಥದಲ್ಲೇ ಒಪ್ಪಬೇಕೆಂದು ಯಾರ ಮೇಲೂ ಕಟ್ಟಳೆ ಹಾಕಲಿಲ್ಲ. ಹೀಗೆ ಎಲೆಯ ಮೇಲೆ ಬಡಿಸಿದ್ದಾಯಿತು, ಬಡಿಸಿದ್ದು ಏನೆಂದು ಹೇಳಲಿಲ್ಲ. ವಿದ್ವಾಂಸರ ಕಸುಬಿಗೂ ಇದರಿಂದ ಧಕ್ಕೆಯಾಗಲಿಲ್ಲ. 1954ರಲ್ಲಿ ಇಂಗ್ಲೆಂಡಿನ ಕೆಲವು ಆಂಗ್ಲಿಕನ್ ಪಂಡಿತರು ಒಂದು ಪ್ರಬಂಧ ಸಂಕಲನವನ್ನೇ ತಂದು, ಬಿಷಪ್ಪರು ಅನ್ನವೂ ಅಲ್ಲ, ಉಪ್ಪಿನಕಾಯಿಯೂ ಅಲ್ಲ, ಊಟವನ್ನು ಪರಿಪೂರ್ಣಗೊಳಿಸುವ ಪಾಯಸವೆಂಬ ಮೂರನೆಯ ವಾದವನ್ನು ಮಂಡಿಸಿದರು. ಅಷ್ಟು ಹೊತ್ತಿಗೆ ಸಿ.ಎಸ್.ಐ. ಬಿಷಪ್ಪರೊಂದಿಗೆ ಏಳನೆಯ ವರ್ಷದ ಸಂಸಾರದಲ್ಲಿತ್ತು.