ಪಿಂಚಣಿ ಪಂಡಿತರು

ಯಾವ ಊರಿನ ಪಾರ್ಕಿಗೆ ಹೋದರೂ ಕಲ್ಲುಬೆಂಚಿನ ಮೇಲೆ ಒಬ್ಬ ಪಿಂಚಣಿ ಪಂಡಿತರು ಸಿಗುತ್ತಾರೆ. ಮೈಸೂರಿನ ನಮ್ಮ ಬಡಾವಣೆಯವರು ಲೆಕ್ಕಪತ್ರ ಶಾಖೆಯಲ್ಲಿ ಸವೆದು ನಿವೃತ್ತರಾದವರು. ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಯಾರದೋ ಮದುವೆಯ ಕರೆಯೋಲೆ. ಅದರ ಖಾಲಿ ಬೆನ್ನೇ ಅವರ ಲೆಕ್ಕದ ಪುಸ್ತಕ. ಮೊನ್ನೆ ಮೊನ್ನೆ ನಿವೃತ್ತರಾದವರನ್ನು ಹೊಸ ವಾಕಿಂಗ್ ಶೂ ನೋಡಿಯೇ ಪತ್ತೆಹಚ್ಚುತ್ತಾರೆ.

ಹತ್ತಿರ ಕರೆದು ಕೂರಿಸಿಕೊಂಡರೆಂದರೆ ಮೊದಲ ಪ್ರಶ್ನೆ, "ತಂದೆಯವರು ಎಷ್ಟಕ್ಕೆ ಹೋದರು?"

"ಎಂಬತ್ತೊಂದಕ್ಕೆ."

"ತಾಯಿ?"

"ಇದ್ದಾರೆ. ಎಂಬತ್ತೆಂಟು."

ಪಂಡಿತರ ಮುಖ ಅರಳುತ್ತದೆ. "ಆನ್ಯುಯಿಟಿ ತಗೊಳ್ಳಿ. ನಿಮಗೆ ಗಿಟ್ಟುತ್ತದೆ!" ಒಂದೇ ಗಂಟು ಕಟ್ಟಿ ಉಸಿರಿರುವ ತನಕ ಪಿಂಚಣಿ ಪಡೆಯುವ ವ್ಯವಹಾರವಲ್ಲವೇ, ಬೇಗ ಹೊರಟವನಿಗೆ ನಷ್ಟ. ಅಪ್ಪ ಅರವತ್ತೆರಡಕ್ಕೇ ಹೋದರು ಎಂದವರ ಭುಜ ತಟ್ಟಿ, "ನಿಮಗೆ ಎಫ್‌ಡಿ ಸಾಕು" ಎನ್ನುತ್ತಾರೆ. ಅಂಥವರು ಮರುದಿನದಿಂದ ಪಾರ್ಕಿನ ಆಚೆ ಬದಿಯಲ್ಲಿ ನಡೆಯುತ್ತಾರೆ.

ಎರಡನೆಯದು ಬಾಯಿಲೆಕ್ಕ. "ವರ್ಷಕ್ಕೊಂದು ಲಕ್ಷದಂತೆ ಇಪ್ಪತ್ತು ವರ್ಷ. ಒಟ್ಟು ಬೆಲೆ?" ಇಪ್ಪತ್ತು ಲಕ್ಷ ಎಂದಿರೋ, ಕೆಟ್ಟಿರಿ. ಶೇ. 7ರ ಬಡ್ಡಿ ಹಿಡಿದರೆ ಮುಂದಿನ ವರ್ಷ ಬರುವ ಲಕ್ಷದ ಇವತ್ತಿನ ಬೆಲೆ 93,458 ರೂಪಾಯಿ. ಇಪ್ಪತ್ತನೆಯ ವರ್ಷದ ಲಕ್ಷದ ಬೆಲೆ ಬರೀ 25,842. ಎಲ್ಲ ಕೂಡಿಸಿದರೆ 10.59 ಲಕ್ಷ. "ಪ್ರಳಯದ ತನಕ ಕೊಡುತ್ತಾ ಹೋದರೂ 14.29 ಲಕ್ಷ ದಾಟುವುದಿಲ್ಲ ಸ್ವಾಮೀ! ಇಪ್ಪತ್ತು ವರ್ಷದಾಚೆಯ ಇಡೀ ಅನಂತಕಾಲಕ್ಕೆ 3.69 ಲಕ್ಷ!" ಅನಂತಕಾಲ ಇಷ್ಟು ಅಗ್ಗಕ್ಕೆ ಸಿಗುತ್ತದೆಂದು ಯಾವ ಪ್ರವಚನದಲ್ಲೂ ಹೇಳಿದ್ದನ್ನು ನಾನು ಕೇಳಿಲ್ಲ.

ಅವರ ಬ್ರಹ್ಮಾಸ್ತ್ರ ಮೂರನೆಯದು. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದ ಎನ್‌ಪಿಎಸ್‌ನವರು ಸಿಕ್ಕರೆ ಅದು ಹೊರಬರುತ್ತದೆ. ನಿವೃತ್ತಿಯಲ್ಲಿ ಗಂಟಿನ ಶೇ. 60 ಕೈಗೆ, ಕನಿಷ್ಠ ಶೇ. 40 ಆನ್ಯುಯಿಟಿಗೆ. "ನಿಮ್ಮ ನಂತರ ಬಂಡವಾಳ ಮಕ್ಕಳಿಗೆ ವಾಪಸ್ ಬರಬೇಕೋ, ಬೇಡವೋ? ಹತ್ತು ಲಕ್ಷ ಕಟ್ಟಿದಿರಿ. ವಾಪಸ್ ಬೇಡವೆಂದರೆ ವರ್ಷಕ್ಕೆ 80,000, ಬೇಕೆಂದರೆ 65,000 ಅಂತಿಟ್ಟುಕೊಳ್ಳಿ. ಆ 15,000 ನೀವು ಮಗನ ಹೆಸರಲ್ಲಿ ವರ್ಷಾ ವರ್ಷಾ ಕಟ್ಟುವ ಕಂತು." ಕನ್ನಡಕ ಮೂಗಿನ ತುದಿಗಿಳಿಸಿ ನಿಧಾನವಾಗಿ ಕೇಳುತ್ತಾರೆ, "ಮಗ ಫೋನ್ ಮಾಡುತ್ತಾನಾ?"

ಇದಕ್ಕೆ ತಕ್ಷಣ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ಬಿಡುವಾಗಿದ್ದರೆ ಝಾನ್ ಕಲ್ಮಾಂ ಕಥೆ ಉಚಿತ. 1965ರಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದ ಈ ತೊಂಬತ್ತರ ಅಜ್ಜಿಯೊಡನೆ ವಕೀಲನೊಬ್ಬ ಒಪ್ಪಂದ ಮಾಡಿಕೊಂಡ: ಬದುಕಿರುವವರೆಗೆ ತಿಂಗಳಿಗೆ 2,500 ಫ್ರಾಂಕ್, ಆಮೇಲೆ ಮನೆ ನನ್ನದು. ಮನೆಯ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು ತೆತ್ತು 1995ರಲ್ಲಿ ವಕೀಲನೇ ತೀರಿಕೊಂಡ. ಕಂತು ಅವನ ಹೆಂಡತಿಯ ಪಾಲಿಗೆ ಬಂತು. ಅಜ್ಜಿ ಹೋದದ್ದು 1997ರಲ್ಲಿ, 122 ತುಂಬಿದ ಮೇಲೆ. "ಅವಳಪ್ಪ ತೊಂಬತ್ತು ದಾಟಿದವನು. ವಕೀಲ ವಿಚಾರಿಸಬೇಕಿತ್ತು!" ಎಂದು ಪಂಡಿತರು ಬೆಂಚು ಗುದ್ದುತ್ತಾರೆ.

ಇಷ್ಟೆಲ್ಲ ಹೇಳುವ ಅವರದು ಮಾತ್ರ ಹಳೇ ಪಿಂಚಣಿ. ಶೇ. 6ರ ಹಣದುಬ್ಬರದಲ್ಲಿ ಏರದ ಪಿಂಚಣಿಯ ಬಲ ಹನ್ನೆರಡು ವರ್ಷಕ್ಕೆ ಅರ್ಧವಾಗುತ್ತದೆಂದು ಎನ್‌ಪಿಎಸ್‌ನವರನ್ನು ಹೆದರಿಸುವ ಈ ಮಹಾನುಭಾವರು, ತುಟ್ಟಿಭತ್ಯೆ ಏರಿದ ದಿನ ಅದೇ ಬೆಂಚಿನ ಮೇಲೆ ಎಲ್ಲರಿಗೂ ಮೈಸೂರು ಪಾಕ್ ಹಂಚುತ್ತಾರೆ.

ಆದರೂ ಏಜೆಂಟರು ತೋರಿಸಿದ ಜಾಗಕ್ಕೆ ಸಹಿ ಹಾಕುವ ಮುನ್ನ ನಿಮ್ಮೂರಿನ ಪಂಡಿತರ ಪಕ್ಕ ಅರ್ಧ ಗಂಟೆ ಕುಳಿತು ಬನ್ನಿ. ಪಾಲಿಸಿ ಹಿಂದಿರುಗಿಸಲು ಸಿಗುವ 30 ದಿನ ಕಳೆದರೆ, ಆರಿಸಿಕೊಂಡ ಆಯ್ಕೆಯನ್ನು ಬದಲಿಸಲು ಬರುವುದಿಲ್ಲ.