ಕೆಂಪು ಹಿಡಿಯ ಹಂಚು

ನಮ್ಮ ಮನೆಯಲ್ಲಿ ಎರಡು ಹಂಚುಗಳಿವೆ. ಒಂದು ರೊಟ್ಟಿಗೆ, ಇನ್ನೊಂದು ಸರ್ಕ್ಯೂಟ್ ಬೋರ್ಡಿಗೆ. ಎರಡನೆಯದರ ಹಿಡಿಗೆ ಅವ್ವ ಕೆಂಪು ಬಣ್ಣ ಬಳಿಸಿದ್ದಾಳೆ. ಬೆಸುಗೆಯಲ್ಲಿ ಸೀಸ ಇರುತ್ತದೆ, ಅದು ಹೊಟ್ಟೆಗೆ ಹೋಗಬಾರದು ಅಂತ ನಾನೇ ಹೇಳಿದ್ದೆ. ಯುರೋಪಿನವರು 2006ರಲ್ಲಿ ಬಹುತೇಕ ಎಲೆಕ್ಟ್ರಾನಿಕ್ ಸಾಮಾನುಗಳಿಂದ ಸೀಸವನ್ನು ಹೊರಹಾಕಿದರು. ಅವ್ವ ನನ್ನನ್ನೂ ಸೇರಿಸಿ ಅಡುಗೆಮನೆಯಿಂದ ಹೊರಹಾಕಿದಳು. ಹಿತ್ತಲಿನ ತಗಡಿನ ಕೆಳಗೆ ಹಳೇ ಗ್ಯಾಸ್ ಒಲೆ, ಹೊಗೆ ತಳ್ಳಲಿಕ್ಕೆ ಒಂದು ಟೇಬಲ್ ಫ್ಯಾನು. ಇಷ್ಟೇ ಕಾರ್ಖಾನೆ.

ನಮ್ಮೂರು ಮೊರಬದಲ್ಲಿ ಊರಿನ ಲೈನು ಬೇರೆ, ಹೊಲದ ಲೈನು ಬೇರೆ. ಪಂಪ್‌ಸೆಟ್ಟಿಗೆ ಸರ್ಕಾರದ ಲೆಕ್ಕದಲ್ಲಿ ದಿನಕ್ಕೆ 7 ತಾಸು ಮೂರು ಫೇಸ್. ಅದು ಯಾವ 7 ತಾಸು ಎಂಬುದು ಮನೆಯ ಬಲ್ಬು ನೋಡಿದರೆ ತಿಳಿಯುವುದಿಲ್ಲ. ಹೊಲದಲ್ಲಿ ಮೂರು ಫೇಸ್ ಬಂದ ಕೂಡಲೇ ರೈತನ ಮೊಬೈಲಿಗೆ ಮಿಸ್ಡ್ ಕಾಲ್ ಕೊಡುವ ಪುಟ್ಟ ಬೋರ್ಡು ನನ್ನದು. ಇಪ್ಪತ್ತು ಬೋರ್ಡಿಗೆ ಸಾಮಾನು ಕೂರಿಸಿಕೊಡ್ತೀರಾ ಅಂತ ಬೆಂಗಳೂರಿನ ಒಂದು ಕಂಪನಿಗೆ ಫೋನು ಮಾಡಿದರೆ, "ಸ್ಯಾಂಪಲ್ ಓಕೆ ಸರ್, ಆರ್ಡರ್ ಎಷ್ಟು?" ಅಂದರು. ಆರ್ಡರೇ ಇಪ್ಪತ್ತು ಅಂದಮೇಲೆ ಲೈನು ಕಟ್ ಆಯಿತು. ಕರೆಂಟು ಬಂದ ಸುದ್ದಿ ಹೇಳುವ ಬೋರ್ಡನ್ನು ಕರೆಂಟಿನ ಒಲೆಯ ಮೇಲೆ ಮಾಡುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ, ಅದಕ್ಕೇ ಗ್ಯಾಸು.

ಬೋರ್ಡಿನ ಮೇಲೆ ಬೆಸುಗೆಯ ಪೇಸ್ಟು ಬೇಕಾದ ಕಡೆಗಷ್ಟೇ ಬೀಳಬೇಕು. ಅದಕ್ಕೆ ತೂತು ಕೊರೆದ ಉಕ್ಕಿನ ಹಾಳೆ ಮಾರುತ್ತಾರೆ. ನನ್ನದು ಅಜ್ಜನ ಮೊಣಕಾಲಿನ ಎಕ್ಸ್‌ರೇ, ಬ್ಲೇಡಿನಿಂದ ಕೊರೆದದ್ದು. ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಪೇಸ್ಟನ್ನು ಒಮ್ಮೆ ಎಳೆದರೆ ಆಯಿತು. ಆಮೇಲೆ ಚಿಮಟಿಗೆಯಿಂದ ಒಂದೊಂದೇ ಸಾಮಾನು ಕೂರಿಸುವುದು. ರೆಸಿಸ್ಟರ್ 1.6 ಮಿಲಿಮೀಟರ್ ಉದ್ದ, 0.8 ಅಗಲ, ಎಳ್ಳಿಗಿಂತ ಸಣ್ಣದು. ಉಸಿರು ಬಿಗಿಹಿಡಿದು ಕೂರಿಸುತ್ತಿದ್ದಾಗಲೇ ಪಕ್ಕದ ಮನೆಯವರಿಗೆ ಬ್ಯಾಡಗಿ ಮೆಣಸಿನಕಾಯಿ ಕುಟ್ಟುವ ಮುಹೂರ್ತ ಕೂಡಿಬರುತ್ತದೆ. ಒಂದೇ ಸೀನಿಗೆ ಒಂದು ಸಾಲು ರೆಸಿಸ್ಟರ್ ಎರೆಮಣ್ಣಿನ ಪಾಲು. ಎರೆಭೂಮಿ ಕೊಟ್ಟಿದ್ದನ್ನು ನೂರ್ಮಡಿ ಮಾಡಿ ಹಿಂತಿರುಗಿಸುತ್ತದೆ ಅನ್ನುತ್ತಾರೆ. ರೆಸಿಸ್ಟರಿನ ವಿಷಯದಲ್ಲಿ ಇನ್ನೂ ಹುಟ್ಟುವಳಿ ಕಂಡಿಲ್ಲ.

ಮುಖ್ಯ ಕಸುಬು ಉರಿಯದು. 63 ಪಾಲು ತವರ, 37 ಪಾಲು ಸೀಸದ ಬೆಸುಗೆ 183 ಡಿಗ್ರಿಗೆ ಸರಿಯಾಗಿ ಕರಗುತ್ತದೆ. ಆದರೆ ನೇರ ಅಲ್ಲಿಗೆ ಹಾರುವಂತಿಲ್ಲ. ಮೊದಲು ಮೆಲ್ಲಗೆ 150ಕ್ಕೆ ಏರಿಸಿ, ಒಂದು ನಿಮಿಷಕ್ಕೂ ಮಿಕ್ಕಿ ಅಲ್ಲೇ ತಡೆದು, ಆಮೇಲೆ 210ರ ಆಚೀಚೆ ಮುಟ್ಟಿಸಿ ಇಳಿಸಬೇಕು ಅಂತ ಪೇಸ್ಟಿನ ಕಾಗದದಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನನ್ನು ಹಂಚಿಗೆ ಹಿಡಿದರೆ ಅದು ಜ್ವರ ವಿಪರೀತ ಅಂತ ಕೈಚೆಲ್ಲಿತು. ಅಷ್ಟರಲ್ಲಿ ಅವ್ವ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು.

"ಒಮ್ಮೆಲೇ ಉರಿ ಎತ್ತಬ್ಯಾಡೋ. ಮ್ಯಾಲೆ ಕರಕ ಆಗ್ತೈತಿ, ಒಳಗ ಹಸೀನ ಉಳೀತೈತಿ. ನಡುವ ಕಾವ ಹೆಚ್ಚಿರ್ತೈತಿ, ಸರಿಸ್ಕೋತ ಇರು."

ಕಾಗದದ ಗೆರೆ ಹೇಳುತ್ತಿದ್ದದ್ದೂ ಅದೇ, ಇಂಗ್ಲಿಷಿನಲ್ಲಿ. ಅಮೆರಿಕದ ಕೊಲರಾಡೊದಲ್ಲಿ ಸ್ಪಾರ್ಕ್‌ಫನ್ ಎಂಬ ಕಂಪನಿಯವರು ಶುರುವಿನಲ್ಲಿ ಬ್ರೆಡ್ಡು ಸುಡುವ ಓವನ್ನಿನಲ್ಲಿ ಬೋರ್ಡು ಬೇಯಿಸಿ, ಅದಕ್ಕಿಂತ ಕರೆಂಟಿನ ಬಾಣಲೆಯೇ ವಾಸಿ ಅಂತ ಅದಕ್ಕೆ ಬಂದರಂತೆ. ಓವನ್ನೇ ಇಲ್ಲದ ನಮಗೆ ಆ ಸುತ್ತು ಉಳಿಯಿತು.

ಕರಗುವ ಗಳಿಗೆ ಮಾತ್ರ ನೋಡಬೇಕು. ಬೂದಿಬಣ್ಣದ ಪೇಸ್ಟು ಮಂಕಾಗಿ ಕೂತಿರುತ್ತದೆ, ರಾಳದ ವಾಸನೆ ಏಳುತ್ತದೆ, ಒಂದು ಮೂಲೆ ಫಳ್ಳನೆ ಬೆಳ್ಳಗಾಗುತ್ತದೆ. ಆ ಹೊಳಪು ಬೋರ್ಡಿನ ಮೇಲೆ ಹರಿದುಹೋಗುವಾಗ ಸೊಟ್ಟಗೆ ಕೂತಿದ್ದ ಸಾಮಾನು ತಾನಾಗಿಯೇ ಅಲುಗಿ ನೆಟ್ಟಗಾಗುತ್ತದೆ. ಕರಗಿದ ಬೆಸುಗೆಯೇ ಅದನ್ನು ಎರಡೂ ಕಡೆ ಎಳೆದು ನಡುವೆ ನಿಲ್ಲಿಸುತ್ತದೆ. ಒಂದು ಕಡೆ ಮೊದಲು ಕರಗಿತೋ, ಇನ್ನೊಂದು ತುದಿ ಮೇಲೆದ್ದು ರೆಸಿಸ್ಟರ್ ಲಂಬವಾಗಿ ನಿಂತುಬಿಡುತ್ತದೆ. "ಅದ್ಯಾಕ ಎದ್ದು ನಿಂತೈತಿ? ಯಾರ್ ಬಂದಾರ?" ಅಂದಳು ಅವ್ವ.

ಬಂದವರು ಪಕ್ಕದ ಮನೆಯ ಕಾಕಾ. ಇಣುಕಿ ನೋಡಿ, "ಕಲಾಯಿ ಹಾಕಾಕತ್ತೀಯೇನೋ ತಮ್ಮಾ?" ಅಂದರು. ನಗು ಬಂತು, ಆದರೆ ಅವರು ತಪ್ಪು ಹೇಳಿರಲಿಲ್ಲ. ಹಿಂದೆ ಕಲಾಯಿಯವನು ಓಣಿಯಲ್ಲಿ ಕುಣಿ ತೋಡಿ, ತಿದಿ ಊದಿ, ಕಾದ ಹಿತ್ತಾಳೆ ಕೊಳಗಕ್ಕೆ ನವಸಾಗರದ ಪುಡಿ ಹಾಕಿ, ತವರ ತಾಗಿಸಿ ಅರಳೆಯಿಂದ ಒರೆಸುತ್ತಿದ್ದ. ಲೋಹದ ಮೇಲಿನ ಕಿಲುಬು ತಿಂದು ತವರಕ್ಕೆ ದಾರಿ ಮಾಡುವ ಕೆಲಸ ಅಲ್ಲಿ ನವಸಾಗರದ್ದು, ಇಲ್ಲಿ ರಾಳದ್ದು. ನವಸಾಗರವನ್ನು ಬೋರ್ಡಿಗೆ ಹಾಕಿದರೆ ಮಾತ್ರ ತಾಮ್ರವನ್ನೇ ತಿಂದುಬಿಡುತ್ತದೆ. ಇದನ್ನು ವಿವರಿಸಿದ್ದು ನನ್ನ ತಲೆಗೇ ಬಂತು. ಮರುದಿನ ಕಾಕಾ ಎರಡು ಹಿತ್ತಾಳೆ ಚರಿಗೆ ತಂದಿಟ್ಟರು.

ಮೊದಲ ಬೋರ್ಡು ಕೊಂಡವರೂ ಅವರೇ. ವಾರದೊಳಗೆ ಕಾಕಿ ಬಂದರು.

"ನಟ್ಟನಡು ರಾತ್ರಿ ಎರಡಕ್ಕ ಬಡಕೋತೈತಿ. ಅವರಂತೂ ಮಗ್ಗಲಾ ಬದಲಿಸಿ ಮಲಗ್ತಾರ, ಎದ್ದು ಹೊಲಕ್ಕ ಹೋಗಾಕಿ ನಾನು. ಇದಕ್ಕ ಅವರನ್ನ ಎಬ್ಬಿಸೋ ಬಟನ್ ಎಲ್ಲೈತಿ ಹೇಳು."