ಕ್ಲಿನಿಕ್ ಪರಿವಾರ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ ಲಕ್ಷಣದಿಂದ ಮೊದಲಾಗಬೇಕು. ಆದ್ದರಿಂದ ಮೊದಲು ಕ್ಲಿನಿಕ್ಕಿನ ಲಕ್ಷಣ. ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮೆಡಿಕಲ್ ಶಾಪಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಒಳಗೆ ಒಬ್ಬ ಡಾಕ್ಟರನ್ನೂ ಹೊರಗೆ ಮೂವತ್ತು ಜೊತೆ ಚಪ್ಪಲಿಗಳನ್ನೂ ಉಳ್ಳ ಮಳಿಗೆಯೇ ಕ್ಲಿನಿಕ್. 'ಷಟರ್ ಇರುವುದು' ಎಂದಷ್ಟೇ ಹೇಳಿದರೆ ಬೇಕರಿಗೂ ಅನ್ವಯಿಸಿ ಅತಿವ್ಯಾಪ್ತಿ ದೋಷ ಬರುತ್ತದೆ. 'ಡಾಕ್ಟರ್ ಇರುವುದು' ಎಂದರೆ ಸಂಜೆ ಏಳರವರೆಗೆ ಬಹುಪಾಲು ಕ್ಲಿನಿಕ್ಕುಗಳಿಗೇ ಅನ್ವಯಿಸದೆ ಅವ್ಯಾಪ್ತಿ ದೋಷ ಬರುತ್ತದೆ. ಆದಕಾರಣ ಚಪ್ಪಲಿಗಳನ್ನು ಲಕ್ಷಣದಲ್ಲಿ ಸೇರಿಸುವುದು ಅನಿವಾರ್ಯ. ಇಂಥ ಸ್ಥಳದಲ್ಲಿರುವ ಕಾಂಪೌಂಡರು, ಸಿಸ್ಟರು, ಚೀಟಿ ಬರೆಯುವ ಹುಡುಗಿ, ಆಯಾ, ಇವರೆಲ್ಲ ಸೇರಿ ಒಂದು ತಂಡವಾಗುವುದು ಯಾವಾಗ ಎಂಬುದು ನಮ್ಮ ವಿಚಾರ. ಪ್ರತಿಜ್ಞೆ ಇಷ್ಟು: ಎಲ್ಲರಿಗಿಂತ ಕಡಿಮೆ ಸಂಬಳದವರು ಎಲ್ಲರಿಗಿಂತ ದೊಡ್ಡ ಕುರ್ಚಿಯವರಿಗೆ 'ಇದು ತಪ್ಪಾಯ್ತು' ಎಂದು ಹೇಳಿ, ಮಾರನೆಯ ದಿನವೂ ಅಳುಕಿಲ್ಲದೆ ಕೆಲಸಕ್ಕೆ ಬರಬಹುದಾದಲ್ಲಿ ತಂಡವಿದೆ. ಉಳಿದ ಕಡೆ ಇರುವುದು ಹಾಜರಿ ಪುಸ್ತಕ.

ಮೊದಲು ಶಬ್ದಪ್ರಮಾಣ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದಕ್ಕೆ ನಾಲ್ಕರಂತೆ ಒಟ್ಟು 16 ಗುಣಗಳು. ಗಣಿತ ಮಾಡಿದರೆ ವೈದ್ಯರಿಗೆ ಬರುವುದು 16ಕ್ಕೆ 4, ಅಂದರೆ ನೂರಕ್ಕೆ 25. ಎಸ್‌ಎಸ್‌ಎಲ್‌ಸಿ ಪಾಸಾಗಲು ದಶಕಗಳ ಕಾಲ 35 ಬೇಕಾಗಿದ್ದ ನಾಡಿನಲ್ಲಿ ಇದು ಸ್ಪಷ್ಟವಾಗಿ ಫೇಲು. ಇನ್ನೂ ಸೂಕ್ಷ್ಮಕ್ಕಿಳಿದರೆ, ವೈದ್ಯನ ನಾಲ್ಕು ಗುಣಗಳಾದ ಶಾಸ್ತ್ರಜ್ಞಾನ, ಅನುಭವ, ದಕ್ಷತೆ, ಶುಚಿತ್ವಗಳಲ್ಲಿ ಕೊನೆಯ ಎರಡು ಉಪಚಾರಕನ ಪಟ್ಟಿಯಲ್ಲೂ ಇವೆ. ಅಂದಮೇಲೆ ವೈದ್ಯನ ಅರ್ಧ ಭಾಗ ಆಗಲೇ ಆಯಾಳಲ್ಲಿದೆ. ಎಂಬಿಬಿಎಸ್ ಸೀಟಿಗೆ ಸುರಿಯುವ ದುಡ್ಡೆಲ್ಲ ಮಿಕ್ಕರ್ಧಕ್ಕೆ. ಇಲ್ಲಿ ಪೂರ್ವಪಕ್ಷಿ ಎದ್ದು ನಿಂತು, ಅದೇ ಅಧ್ಯಾಯದಲ್ಲಿ ಚರಕ ವೈದ್ಯನನ್ನೇ ಪ್ರಧಾನ ಎಂದಿಲ್ಲವೇ, ಕುಂಬಾರನಿಲ್ಲದೆ ಮಣ್ಣೂ ಚಕ್ರವೂ ಮಡಕೆಯಾಗವು ಎಂಬ ದೃಷ್ಟಾಂತ ಕೊಟ್ಟಿಲ್ಲವೇ ಎಂದು ಕೇಳುತ್ತಾನೆ. ಕೊಟ್ಟಿದ್ದಾನೆ, ನಿಜ. ಆದರೆ ದೃಷ್ಟಾಂತ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ನೋಡಬೇಕಲ್ಲ! 'ಸ್ವಾಮಿ, ಮಡಕೆ ಬಿರುಕು ಬಿಟ್ಟಿದೆ' ಎಂದು ಮಣ್ಣು ಹೇಳಲಾರದು, ಸಿಸ್ಟರ್ ಹೇಳಬಲ್ಲರು. ಮಾತಾಡಬಲ್ಲ ಮಣ್ಣು ಸಿಕ್ಕಮೇಲೂ ಅದನ್ನು ಸುಮ್ಮನಿರಿಸುವ ಕುಂಬಾರನ ವಿಷಯದಲ್ಲಿ ಚರಕನ ದೃಷ್ಟಾಂತ ಮೌನ ವಹಿಸುತ್ತದೆ.

ಇನ್ನು ಅನುಪಲಬ್ಧಿ, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿದ ಆರನೆಯ ಪ್ರಮಾಣ: ಒಂದು ವಸ್ತು ಇಲ್ಲವೆಂಬುದು ಅದು ಕಾಣದಿರುವುದರಿಂದಲೇ ತಿಳಿಯುತ್ತದೆ. ಡಾಕ್ಟರು ಕಾಣದಿದ್ದಾಗ ಕ್ಲಿನಿಕ್ ನಡೆಯುತ್ತಲೇ ಇರುತ್ತದೆ. 'ಬರ್ತಾ ಇದಾರೆ, ಕೂತ್ಕೊಳ್ಳಿ' ಎಂಬ ಒಂದು ವಾಕ್ಯದಿಂದ ಎರಡು ಗಂಟೆ ಸಾಗುತ್ತದೆ. ಕಾಂಪೌಂಡರು ನೆಂಟರ ಮದುವೆಗೆ ಹೋದರೆ ಷಟರಿನ ಕೀ ಇಲ್ಲ. ಕೀ ಇದ್ದರೂ ಹಳೇ ಚೀಟಿ ಸಿಗುವುದಿಲ್ಲ. ಸಿಕ್ಕರೂ ಅದು ಯಾವ ನಾಗರಾಜನದು ಎನ್ನುವವರಿಲ್ಲ. ಪೆನಿಸಿಲಿನ್ ಒಗ್ಗದ ನಾಗರಾಜ ಯಾರು, ಒಗ್ಗುವ ನಾಗರಾಜ ಯಾರು ಎಂಬ ಜ್ಞಾನ ಫೈಲಿನಲ್ಲಿಲ್ಲ, ಕಾಂಪೌಂಡರ ತಲೆಯಲ್ಲಿದೆ. ಇದಕ್ಕೆ ಕಾಲಪ್ರಮಾಣವೂ ಒದಗುತ್ತದೆ. 2017ರಲ್ಲಿ 'ಬಿಎಂಜೆ ಓಪನ್' ಪತ್ರಿಕೆ 67 ದೇಶಗಳ ಲೆಕ್ಕ ಪ್ರಕಟಿಸಿತು. ಪ್ರಾಥಮಿಕ ಚಿಕಿತ್ಸೆಯ ಡಾಕ್ಟರು ಒಬ್ಬ ರೋಗಿಯೊಡನೆ ಕಳೆಯುವ ಸರಾಸರಿ ಹೊತ್ತು ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಿನಲ್ಲಿ 22.5 ನಿಮಿಷ, ಭಾರತದಲ್ಲಿ ಎರಡು ನಿಮಿಷದ ಆಸುಪಾಸು. ಒಂದು ಗಂಟೆ ಬೆಂಚಿನ ಮೇಲೆ ಕೂತ ರೋಗಿ 58 ನಿಮಿಷ ಪರಿವಾರದ ವಶದಲ್ಲಿರುತ್ತಾನೆ. ಡಾಕ್ಟರಿಗೆ ಹೇಳಲು ನಾಚುವುದನ್ನು ಆಯಾಳಿಗೆ ಹೇಳಿರುತ್ತಾನೆ, ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸಿದ್ದನ್ನು ಚೀಟಿ ಹುಡುಗಿಯ ಮುಂದೆ ಒಪ್ಪಿಕೊಂಡಿರುತ್ತಾನೆ. ಈ ಮಾತುಗಳು ಪರದೆ ದಾಟಿ ಒಳಗೆ ಹೋದರೆ ರೋಗನಿರ್ಣಯ ಸುಧಾರಿಸುತ್ತದೆ. ಹೋಗದಿದ್ದರೆ ಎರಡು ನಿಮಿಷದಲ್ಲಿ ಆದಷ್ಟೇ ಆಗುತ್ತದೆ.

ಪೂರ್ವಪಕ್ಷಿಯ ಎರಡನೆಯ ಆಕ್ಷೇಪ ಕಾನೂನಿನದು: ಚೀಟಿ ಬರೆಯುವ ಹಕ್ಕೂ ಹೊಣೆಯೂ ಡಾಕ್ಟರಿಗೇ ಸೇರಿದ್ದು, ಕಾಂಪೌಂಡರೇ ಸೂಜಿ ಹಾಕಿ ಕಳಿಸಿದರೆ ಅದು ಸಹಕಾರವಲ್ಲ, ಅಪರಾಧ. ಇದನ್ನು ಸಿದ್ಧಾಂತಿ ಪೂರ್ತಿ ಒಪ್ಪುತ್ತಾನೆ. ಬರೆಯುವ ಹಕ್ಕು ಡಾಕ್ಟರದೇ. ಓದುವ ಹಕ್ಕು ಯಾರದು ಎಂಬುದಷ್ಟೇ ಅವನ ಮರುಪ್ರಶ್ನೆ. ಔಷಧದ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಮಾಡಿತು. ಆಗದೇ ಇರುವ ತಪ್ಪಿಗೆ ಯಾರೂ ನಿಯಮ ಮಾಡುವುದಿಲ್ಲ. ಹಾಗಾದರೆ ಅಲ್ಲಿಯತನಕ ಬರಹವನ್ನು ಬಿಡಿಸಿ ಓದುತ್ತಿದ್ದ ಲಿಪಿತಜ್ಞರು ಪರಿವಾರದವರೂ ಪಕ್ಕದ ಮೆಡಿಕಲ್ ಶಾಪಿನವರೂ ಅಲ್ಲದೆ ಮತ್ತಾರು? ಬರೆದವರ ಬಳಿಗೇ ಹೋಗಿ 'ಇದು ಐದೋ ಐವತ್ತೋ' ಎಂದು ಕೇಳುವ ಧೈರ್ಯವಿದ್ದರೆ ರೋಗಿ ಕ್ಷೇಮ. ಕೇಳಿದರೆ ಬೈಗುಳ ಎಂಬ ಭಯವಿದ್ದರೆ ಊಹಾಪ್ರಮಾಣವೇ ಗತಿ. ಮಿಲಿಗ್ರಾಂಗಳ ವಿಷಯದಲ್ಲಿ ಊಹೆಯನ್ನು ಯಾವ ದರ್ಶನವೂ ಪ್ರಮಾಣವೆಂದು ಒಪ್ಪಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಎಲ್ಲರೂ ಬಾಯಿ ಬಿಟ್ಟರೆ ಶಿಸ್ತು ಉಳಿದೀತೇ? ಇದಕ್ಕೆ ಶಸ್ತ್ರಚಿಕಿತ್ಸಾ ಕೊಠಡಿಯ ಸಾಕ್ಷ್ಯವಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಸುರಕ್ಷತಾ ಪಟ್ಟಿಯೊಂದನ್ನು ತಂದಿತು. ಕೊಯ್ಯುವ ಮೊದಲು ಎಲ್ಲರೂ ತಂತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕೆಂಬುದೂ ಅದರಲ್ಲೊಂದು. ದಿಲ್ಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರ ವರದಿ ಹೇಳಿತು. ಪೂರ್ವಪಕ್ಷಿ ಓದಿಕೊಂಡವನು, 2014ರ ಕೆನಡಾದ ಆಂಟೇರಿಯೊ ಪ್ರಾಂತ್ಯದ ವರದಿಯನ್ನು ಜೇಬಿನಿಂದ ತೆಗೆಯುತ್ತಾನೆ. ಅಲ್ಲಿ 101 ಆಸ್ಪತ್ರೆಗಳು ಅದೇ ಬಗೆಯ ಪಟ್ಟಿ ಬಳಸಿದರೂ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಈ ಎರಡು ವರದಿಗಳ ವಿರೋಧ ಪರಿಹಾರಕ್ಕೆ ಸಿದ್ಧಾಂತಿ ಕೊಡುವ ಸಮನ್ವಯವೆಂದರೆ, ಪಟ್ಟಿಗೆ ಸ್ವತಃ ಶಕ್ತಿಯಿಲ್ಲ, ಅದು ಬಾಯಿ ತೆರೆಸಿದರೆ ಮಾತ್ರ ಫಲ. ಟಿಕ್ ಹಾಕುವುದು ಕೈಯ ಕೆಲಸ. 'ಎಡಗಾಲಲ್ಲ ಸಾರ್, ಬಲಗಾಲು' ಎನ್ನುವುದು ಬಾಯಿಯ ಕೆಲಸ. ಮೇಲಿನಿಂದ ಆಜ್ಞೆ ಬಂದಾಗ ಕೈ ಚುರುಕಾಗುವುದೂ ಬಾಯಿ ಮುಚ್ಚುವುದೂ ಒಟ್ಟಿಗೇ ನಡೆಯುತ್ತದೆಂಬುದನ್ನು ಯಾವುದೇ ಸರ್ಕಾರಿ ಕಚೇರಿಯಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು.

ಕೊನೆಯದಾಗಿ ಏಕಗೃಹವಾದಿಗಳ ಮತ. 'ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ, ತಂಡ ಗಿಂಡ ಯಾಕೆ?' ಎನ್ನುವುದು ಅವರ ಸೂತ್ರ. ಈ ಸೂತ್ರ ಉಚ್ಚಾರಣೆಯಾಗುವ ಕಾಲವನ್ನು ಗಮನಿಸಬೇಕು: ಸಿಸ್ಟರ್ ರಜೆ ಕೇಳಿದಾಗ, ಆಯಾ ಸಂಬಳ ಏರಿಸಿ ಎಂದಾಗ, ಭಾನುವಾರ ಕ್ಯಾಂಪ್ ಇಟ್ಟಾಗ. ಲಾಭ ಎಣಿಸುವಾಗ ಉಚ್ಚರಿಸಿದ ಪ್ರಯೋಗ ದುರ್ಲಭ. ಉಪಚಾರಕನಿಗೆ ಅನುರಾಗವಿರಬೇಕೆಂದು ಚರಕ ಹೇಳಿದ್ದು ದಿಟ. ಅದು ಸಂಬಳಕ್ಕೆ ಬದಲು ಎಂದು ಅರ್ಥ ಮಾಡಿದ ವ್ಯಾಖ್ಯಾನಕಾರರು ಕ್ಲಿನಿಕ್ಕಿನ ಮಾಲೀಕರಲ್ಲಿ ಮಾತ್ರ ಸಿಗುತ್ತಾರೆ.

ಹಾಗಾದರೆ ಕಟ್ಟುವುದು ಹೇಗೆ? ಷಟರ್ ಎತ್ತಿದ ಮೇಲೆ, ಮೊದಲ ಟೋಕನ್ನಿಗೆ ಮುನ್ನ, ಐದು ನಿಮಿಷ ಎಲ್ಲರೂ ನಿಂತೇ ಮಾತಾಡುವುದು. ಆಯಾ ಮೊದಲು, ಡಾಕ್ಟರು ಕೊನೆಗೆ. ಆಯಾಳೇ ಏಕೆ ಮೊದಲು ಎಂದರೆ, 2016ರ ಜೈವಿಕ ತ್ಯಾಜ್ಯ ನಿಯಮದ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳು ಆಕೆಗೆ ದಿನನಿತ್ಯದ ಸಂಗತಿ. ಬಿಳಿ ಡಬ್ಬಿಗೆ ಹೋಗಬೇಕಾದ ಸೂಜಿ ಹಳದಿ ಚೀಲಕ್ಕೆ ಬಿದ್ದರೆ ಚುಚ್ಚುವುದು ಆಕೆಯ ಕೈಗೆ. 'ಡಾಕ್ಟ್ರೇ, ನಿನ್ನೆ ಸೂಜಿ ಅಲ್ಲಿ ಹಾಕಿದ್ರಿ' ಎಂದು ಆಕೆ ಹೇಳಿ, ಅವರು 'ಸರಿಯಮ್ಮ' ಎಂದ ದಿನ ತಂಡದ ಜನನ. ಡಾಕ್ಟರು ಮೊದಲು ಮಾತಾಡಿದರೆ ಉಳಿದವರ ಪಾಲಿಗೆ ತಲೆಯಾಡಿಸುವುದೊಂದೇ ಉಳಿಯುತ್ತದೆ. ಇಲ್ಲಿ ಪೂರ್ವಪಕ್ಷಿ ಕಡೆಯ ಬಾಣ ಬಿಡುತ್ತಾನೆ: ಎಲ್ಲರೂ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಡಾಕ್ಟರಿಗೆ ಹೇಳಲು ಏನೂ ಉಳಿಯದಲ್ಲ? ಸಿದ್ಧಾಂತಿಯ ಉತ್ತರ: ಅದು ದೋಷವಲ್ಲ, ಇಷ್ಟಾಪತ್ತಿ.